ಕೊಲ್ಲುವ ಗೊಂಬೆ, ಸಾಯುವ ಗೊಂಬೆ

ದೆವ್ವ, ಗಾಳಿ, ಮಾಟ ಯಾವುದನ್ನೂ ನಾನು ನಂಬಿದವನಲ್ಲ. ನಂಬಿದವರನ್ನು ಹೆದರಿಸಿ ಮಜಾ ತೆಗೆದುಕೊಂಡವನು. ಕತ್ತಲಲ್ಲಿ ಬಯಲಿಗೆ ಹೊರಟ ದಪ್ಪ ಮೀಸೆಯವರ ಮುಂದೆ ರಕ್ಕಸನ ಗೊಂಬೆ ಕುಣಿಸಿ, ಚೊಂಬು ಬಿಟ್ಟು ಓಡುವಂತೆ ಮಾಡಿದ್ದೇನೆ. ತೊಗಲುಗೊಂಬೆ ಆಡಿಸುವುದರಲ್ಲಿ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನನ್ನ ಸಮ ಯಾರೂ ಇರಲಿಲ್ಲ. ಸುಳ್ಳೆನಿಸಿದರೆ ಆ ಕಡೆಯ ಮುದುಕರನ್ನು ಕೇಳಿ, ಬದುಕಿದ್ದರೆ ಹೇಳುತ್ತಾರೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಆಟದಲ್ಲಿ ಕೊಲ್ಲುವ ವೀರನ ಗೊಂಬೆಯನ್ನೂ ಸಾಯುವ ರಕ್ಕಸನ ಗೊಂಬೆಯನ್ನೂ ಬುಟ್ಟಿಯಲ್ಲಿ ಒಂದರ ಮೇಲೊಂದು ಇಡುವಂತಿಲ್ಲ. ನಡುವೆ ಚಾಪೆ ಹಾಸಲೇಬೇಕು. ಇಲ್ಲದಿದ್ದರೆ ಒಳಗೇ ಬಡಿದಾಡುತ್ತವಂತೆ. ಬಣ್ಣ ಒಂದಕ್ಕೊಂದು ಅಂಟದಿರಲೆಂದು ಹಿರಿಯರು ಕಟ್ಟಿದ ಕಥೆ ಎಂದು ನಾನು ನಗುತ್ತಿದ್ದೆ.

ತೊಂಬತ್ತರ ದಶಕದ ಒಂದು ಬೇಸಿಗೆ. ಗುಡೇಕೋಟೆ ಕಡೆ ಆಟ ಮುಗಿಸಿದ್ದೆವು. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ನನ್ನ ತಮ್ಮ ದುರುಗಪ್ಪ ಬುಟ್ಟಿ ತುಂಬಿದ. ಅವನು ಗರಡಿಯಲ್ಲಿ ಪಳಗಿದ ಪೈಲ್ವಾನ. ನಾನೋ ಗೊಂಬೆಯ ಕಡ್ಡಿಯಷ್ಟು ತೆಳ್ಳಗೆ. ಜೊತೆಗೆ ನನ್ನ ಹೆಂಡತಿ ಗಂಗವ್ವ. ಆಟಕ್ಕೆ ಹಾಡುವವಳು ಅವಳೇ.

“ನಡುವ ಚಾಪಿ ಹಾಕೀರಿಲ್ಲ?” ಎಂದಳು.

“ಹಾಕೀವಿ. ತಲಿದಿಂಬೂ ಕೊಟ್ಟೀವಿ, ಆರಾಮ ಮಕ್ಕೊಂಡಾವ,” ಎಂದೆ. ದುರುಗ ಕಿಸಕ್ಕನೆ ನಕ್ಕ. ಚಾಪೆ ಬುಟ್ಟಿಯ ತಳದಲ್ಲಿತ್ತು.

ಬಸ್ಸು ತಪ್ಪಿತು. ಬಿದಿರಿಗೆ ಬುಟ್ಟಿ ತೂಗುಹಾಕಿ, ಮುಂದೆ ಅವನು, ಹಿಂದೆ ನಾನು, ಹೆಗಲು ಕೊಟ್ಟು ನಡೆದೆವು. ಮಟಮಟ ಮಧ್ಯಾಹ್ನ, ಸುತ್ತ ಕುರುಚಲು ಗುಡ್ಡ.

“ಅಣ್ಣಾ, ಹೆಗಲು ಬದ್ಲಿ ಮಾಡೋಣು,” ಎಂದ ದುರುಗ. ಅಷ್ಟೇ. ನಾನು ಬಿದಿರು ಎಸೆದದ್ದು ನೆನಪಿದೆ. ಆಮೇಲೆ ನೋಡಿದರೆ ಅವನು ಅಂಗಾತ ಬಿದ್ದಿದ್ದ. ನನ್ನ ಮೊಣಕಾಲು ಅವನ ಎದೆಯ ಮೇಲೆ, ಎರಡೂ ಕೈ ಕುತ್ತಿಗೆಯಲ್ಲಿ. ಅವನ ತಲೆಯನ್ನು ಕಲ್ಲಿಗೆ ಅಪ್ಪಳಿಸುತ್ತಿದ್ದೆ. ರಕ್ತ ಕಿವಿಯ ಹಿಂದೆ ಇಳಿಯುವುದು ಕಾಣುತ್ತಿತ್ತು. ಬಿಡಬೇಕು ಅಂದುಕೊಂಡೆ, ಕೈ ನನ್ನ ಮಾತು ಕೇಳಲಿಲ್ಲ. ನಮ್ಮ ನಡುವೆ ಸಿಟ್ಟಿರಲಿಲ್ಲ, ಜಗಳವಿರಲಿಲ್ಲ.

“ಬಿಡ್ರೀ, ಸಾಯ್ತಾನ! ನಿಮ್ಮ ತಮ್ಮ ಅದಾನ ಅಂವ!”

ಗಂಗವ್ವ ನನ್ನ ಕೂದಲು ಜಗ್ಗಿದಳು, ಹೆಗಲು ಕಚ್ಚಿದಳು. ಆಗಲಿಲ್ಲ. ತಟ್ಟನೆ ನನ್ನನ್ನು ಬಿಟ್ಟು ಬುಟ್ಟಿಯತ್ತ ಓಡಿ, ಎದೆಗೆ ಎದೆ ತಾಗಿ ಬಿದ್ದಿದ್ದ ವೀರನ, ರಕ್ಕಸನ ಗೊಂಬೆಗಳನ್ನು ಎಳೆದು ಬೇರೆ ಮಾಡಿದಳು. ನನ್ನ ಬೆರಳುಗಳು ತಾವಾಗಿ ಸಡಿಲಾದವು.

ದುರುಗ ಬದುಕಿದ. ದವಾಖಾನೆಯಲ್ಲಿ ತಲೆಗೆ ಹೊಲಿಗೆ ಹಾಕಿದರು, ಗುಡ್ಡದಿಂದ ಉರುಳಿದ ಎಂದೆವು. ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು ಎಂದು ನಂಬಿ ಸುಮ್ಮನಾಗುತ್ತಿದ್ದೆ. ಆದರೆ ಮಂಚದ ಮೇಲಿಂದ ಅವನು ಕೇಳಿದ:

“ಅಣ್ಣಾ, ನಿನ್ನಂಥೋನ್ನ ಒಂದ ಕೈಯಾಗ ಎತ್ತಿ ಒಗೀತಿದ್ನಿ ನಾನು. ಅವತ್ತು ನನ್ನ ಕೈ ಯಾಕ ಏಳಲಿಲ್ಲ?”

ಎಲ್ಲದಕ್ಕೂ ಜಂಬ ಕೊಚ್ಚುವ ನಾನು ಪೈಲ್ವಾನನನ್ನು ಕೆಡವಿದ ಈ ಸಂಗತಿಯನ್ನು ಮಾತ್ರ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಈಗಲೂ ಮನೆಗೆ ಬಂದಾಗ ದುರುಗ ಅದನ್ನೇ ಕೇಳುತ್ತಾನೆ. ನಾನು ಏನೋ ಒಂದು ಸುಳ್ಳು ಹೊಸೆದು ನಗಿಸುತ್ತೇನೆ. ಅವನು ನಗುತ್ತಾನೆ. ಕೈ ಮಾತ್ರ ಮೆಲ್ಲಗೆ ಕುತ್ತಿಗೆ ಮುಟ್ಟಿಕೊಳ್ಳುತ್ತದೆ.