‘ಬಿತ್ತು’ ಅಂದದ್ದು ‘ಬಿದ್ದೆ’ ಆದಾಗ

ನಮ್ಮ ಡಾಕ್ಟರಮ್ಮನ ಕೊರಳಲ್ಲಿ ಸ್ಟೆತಾಸ್ಕೋಪಿಗಿಂತ ಹೆಚ್ಚು ಹೊತ್ತು ಇರುತ್ತಿದ್ದದ್ದು ದರ್ಜಿಯ ಅಳತೆ ಟೇಪು. ಬೆವರಿಗೆ ಮಾಸಿ ಒಣಗಿದ ಅರಿಶಿನ ಕೊಂಬಿನ ಬಣ್ಣಕ್ಕೆ ತಿರುಗಿತ್ತು. ಅದರ ಮೊದಲ ಎರಡು ಅಂಗುಲದ ಅಂಕಿಗಳು ಪೂರ್ತಿ ಅಳಿಸಿಹೋಗಿದ್ದವು. ಹಾಗಾಗಿ ಅವರು ಯಾವ ಗಾಯವನ್ನೇ ಆಗಲಿ ಮೂರರ ಗೆರೆಯಿಂದ ಅಳೆದು, ಮನಸ್ಸಿನಲ್ಲೇ ಮೂರು ಕಳೆದು ಬರೆದುಕೊಳ್ಳುತ್ತಿದ್ದರು. ಹೊಸದೊಂದು ತರಿಸಿಕೊಳ್ಳಿ ಅಂದರೆ, ಯುದ್ಧ ಮುಗಿಯಲಿ ಅನ್ನುತ್ತಿದ್ದರು. ಯುದ್ಧ ಮುಗಿಯಿತು, ಟೇಪು ಮಾತ್ರ ಹಾಗೇ ಇತ್ತು.

ನಲವತ್ತರ ದಶಕದ ಮಾತು ಇದು. ಹೊಸೂರು ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಮಿಡ್‌ವೈಫ್ ಆಗಿದ್ದೆ. ಊರಿನ ಹೆಸರು ಬೇಡ. ಜನ ನನ್ನನ್ನು ನರ್ಸಮ್ಮ ಅನ್ನುತ್ತಿದ್ದರು. ಆರು ಮಂಚ, ಒಬ್ಬ ಕಾಂಪೌಂಡರ್, ಇದ್ದಿಲ ಗ್ಯಾಸಿನ ಬಸ್ಸು ಬಂದ ದಿನ ಔಷಧಿ, ಬರದ ದಿನ ಬರೀ ಸಮಾಧಾನ. ಡಾಕ್ಟರಮ್ಮ ಕಾವೇರಿಯ ಕೆಳದಂಡೆಯ ತಮಿಳು ಸೀಮೆಯವರು. ಕನ್ನಡವೂ ಬಾರದು, ತೆಲುಗೂ ಬಾರದು. ಬರುವ ರೋಗಿಗಳಲ್ಲಿ ಮುಕ್ಕಾಲು ಪಾಲು ಈ ಎರಡು ಭಾಷೆಯವರೇ. ನನಗೆ ಮೂರೂ ಸಲೀಸು. ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ತೆಲುಗು, ಉಪ್ಪಿನವನ ಹತ್ತಿರ ತಮಿಳು, ಜಗಳಕ್ಕೆ ಕನ್ನಡ. ಅದರ ಜಂಬ ನನಗೆ ಸ್ವಲ್ಪ ಅಲ್ಲ, ನೆತ್ತಿವರೆಗೂ ಇತ್ತು. ನಾನು ಬಾಯಿ ಬಿಡದಿದ್ದರೆ ಈಕೆಯ ಡಾಕ್ಟರಿಕೆ ನಡೆಯುವುದುಂಟೆ ಎಂದುಕೊಳ್ಳುತ್ತಿದ್ದೆ.

ಅವರು ಕಲಿತ ಮೊದಲ ಕನ್ನಡ ಮಾತಿನ ಕಥೆ ಹೇಳಬೇಕು. ಏಟು ತಿಂದು ಬಂದ ಹೆಂಗಸರನ್ನು ಅವರು ಕೇಳದೆ ಮುಟ್ಟುತ್ತಿರಲಿಲ್ಲ. ‘ಮುಟ್ಟಲಾ’ ಎಂದು ಕೇಳುವುದು ಹೇಗೆ ಎಂದು ನನ್ನನ್ನು ಕೇಳಿದರು. ಹೇಳಿಕೊಟ್ಟೆ. ಮರುದಿನ ಬೆಳಿಗ್ಗೆ ಒಬ್ಬ ಮುದುಕಿಯ ಮುಂದೆ ಕೂತು, ಬಲು ನಯವಾಗಿ, "ಮುಟ್ಟಾ?" ಅಂದರು. ಮುದುಕಿ ಕಣ್ಣರಳಿಸಿ, "ಅಯ್ಯೋ ನನ್ತಾಯಿ, ನಂಗ್ ಅದು ನಿಂತೋಗಿ ಇಪ್ಪತ್ತೊರ್ಸ ಆಯ್ತು!" ಅಂದಳು. ನಾನು ನಕ್ಕು ನಕ್ಕು ಬಾಗಿಲು ಹಿಡಿದುಕೊಂಡೆ. ಏನೆಂದು ಬಿಡಿಸಿ ಹೇಳಿದ ಮೇಲೆ ಡಾಕ್ಟರಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ‘ಲಾ’ ಸೇರಿಸಿ ಹೇಳುವುದನ್ನು ಮರೆಯಲಿಲ್ಲ.

ಅವರು ಗಾಯ ನೋಡುವ ಕ್ರಮವೇ ಬೇರೆ. ಪೊಲೀಸರ ಚೀಟಿ ಹಿಡಿದು ಹೆಂಗಸರು ಬರುತ್ತಿದ್ದರು. ಜೊತೆಗೆ ಬಂದವರು ಗಂಡನಾಗಲಿ, ಹೆತ್ತವಳಾಗಲಿ, ಎಲ್ಲರೂ ಹೊರಗೆ. ಬಾಗಿಲು ಹಾಕಬೇಕು. ಮೈಯೆಲ್ಲ ಒಮ್ಮೆಗೇ ಬಿಚ್ಚಿಸುವುದಿಲ್ಲ. ಒಂದು ತೋಳು ನೋಡಿ, ಅದನ್ನು ಮುಚ್ಚಿ, ಆಮೇಲೆ ಇನ್ನೊಂದು. ಮೊದಲು ಆಕೆಯ ಮಾತು, ಆಮೇಲೆ ಗಾಯದ ಉದ್ದ, ಅಗಲ, ಬಣ್ಣ, ಎಷ್ಟು ದಿನದ್ದು ಎಂಬ ಅಂದಾಜು. ಎಲ್ಲಕ್ಕಿಂತ ವಿಚಿತ್ರವೆಂದರೆ, ಇಲ್ಲದ ಗಾಯವನ್ನೂ ಬರೆಯುತ್ತಿದ್ದರು. ಕುತ್ತಿಗೆಯಲ್ಲಿ ಏನೂ ಇಲ್ಲ, ಮೊಣಕೈಯಲ್ಲಿ ಏನೂ ಇಲ್ಲ, ಹೀಗೆ ಪುಟಗಟ್ಟಲೆ. ಕಾಂಪೌಂಡರಿಗೆ ತಮಾಷೆ. "ಇದ್ದುದ್ ಬರಿಯಾಕೇ ಮಸಿ ಸಾಲ್ದು, ಈಯಮ್ಮ ಇಲ್ದುದ್ನೂ ಬರೀತಾರಲ್ಲ!" ಎಂದು ನನ್ನ ಹತ್ತಿರ ಗೊಣಗುತ್ತಿದ್ದ.

ನನಗೆ ಅವರು ಹಾಕಿದ್ದ ಕಟ್ಟಳೆ ಒಂದೇ. ನಾನು ಅನುವಾದದ ಜೊತೆ ಒಗ್ಗರಣೆ ಹಾಕಿದಾಗಲೆಲ್ಲ ಅವರದೇ ತಮಿಳಿನಲ್ಲಿ, "ಅವ ಸೊನ್ನದ ಸೊಲ್ಲು, ನೀ ನೆನಚ್ಚದ ಸೊಲ್ಲಾದೆ" ಅನ್ನುತ್ತಿದ್ದರು. ಅವಳು ಹೇಳಿದ್ದನ್ನು ಹೇಳು, ನೀನು ಅಂದುಕೊಂಡದ್ದನ್ನು ಹೇಳಬೇಡ. ನಾನು ಹೂಂ ಅನ್ನುತ್ತಿದ್ದೆ, ಮರುಗಳಿಗೆಯೇ ಮತ್ತೆ ಸೇರಿಸುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಯುದ್ಧ ಮುಗಿದ ಮರುವರ್ಷ, ರಾಗಿ ಕೊಯ್ಲಿನ ಕಾಲ. ಸಾನಮಾವು ಕಾಡಿನ ಅಂಚಿನ ಹಳ್ಳಿಯಿಂದ ಒಬ್ಬ ವಿಧವೆಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಇಪ್ಪತ್ತೈದರ ಒಳಗಿನ ಹೆಂಗಸು. ಗಂಡ ಹೋದ ಮೇಲೆ ಭಾವನ ಮನೆಯಲ್ಲೇ ಇದ್ದಳು. ಮೇಲ್ದುಟಿ ಸೀಳಿ ಊದಿಕೊಂಡಿತ್ತು. ಎಡಗೈ ಎತ್ತಲಾರಳು. ಜೊತೆಗೆ ಬಂದಿದ್ದವಳು ಅವಳ ಓರಗಿತ್ತಿ, ಆ ಭಾವನ ಹೆಂಡತಿ. ನೋಡಿದರೆ ಆಕೆ ನಮ್ಮೂರಿನವಳೇ, ನಮ್ಮ ಬೀದಿಯಲ್ಲೇ ಆಡಿ ಬೆಳೆದವಳು. ಎಷ್ಟೋ ವರ್ಷದ ಮೇಲೆ ಸಿಕ್ಕಳು ಎಂಬ ಸಡಗರದಲ್ಲಿ ನಾನು ಅವಳನ್ನು ಹೊರಗೆ ಕಳಿಸಲಿಲ್ಲ. ಡಾಕ್ಟರಮ್ಮ ಹುಬ್ಬೇರಿಸಿದರು. "ನಮ್ಮವಳೇ" ಅಂದೆ.

"ಬಾವಿ ಮೆಟ್ಲು ಮ್ಯಾಲೆ ಜಾರ್ಬುಟ್ಲು ಕಣಕ್ಕ. ಬಿಂದಿಗೆ ಹಿಡ್ಕಂಡಿದ್ಲು" ಅಂದಳು ಓರಗಿತ್ತಿ, ನಾನು ಕೇಳುವ ಮೊದಲೇ.

ಡಾಕ್ಟರಮ್ಮ ಅವಳ ಕಡೆ ನೋಡಲೇ ಇಲ್ಲ. ಗಾಯವಾದವಳನ್ನೇ ಕೇಳು ಎಂದರು. ಕೇಳಿದೆ. ಆ ಹೆಂಗಸು ನೆಲ ನೋಡುತ್ತ, ಊದಿದ ತುಟಿಯಲ್ಲಿ, "ಬಿತ್ತಮ್ಮ... ಮೂರ್ ಸಲ ಬಿತ್ತು" ಅಂದಳು. ನಾನು ತಮಿಳಿನಲ್ಲಿ ಹೇಳಿದೆ, "ಬಿದ್ದಳಂತೆ. ಬಾವಿ ಮೆಟ್ಟಿಲ ಮೇಲೆ ಮೂರು ಸಲ ಉರುಳಿದಳಂತೆ."

ಡಾಕ್ಟರಮ್ಮ ಟೇಪು ಹಿಡಿದು ಎಲ್ಲ ಅಳೆದರು. ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೀಳುವಾಗ ಕೈ ಊರಲಿಲ್ಲವಾ ಕೇಳು" ಅಂದರು. ಕೇಳುವ ಕಷ್ಟವನ್ನೂ ನಾನು ತೆಗೆದುಕೊಳ್ಳಲಿಲ್ಲ. "ಬಿಂದಿಗೆ ಹಿಡಿದಿದ್ದಳಂತೆ" ಎಂದುಬಿಟ್ಟೆ. ಅವರು ಅದನ್ನೇ ಬರೆದುಕೊಂಡರು. ಸರ್ಟಿಫಿಕೇಟು ಠಾಣೆಗೆ ಹೋಯಿತು. ಬಿದ್ದದ್ದಕ್ಕೆ ಯಾರ ಮೇಲೆ ಕೇಸು? ಠಾಣೆಯವರು ಕಾಗದ ಮಡಿಸಿಟ್ಟರು.

ಮೂರು ದಿನದ ಮೇಲೆ ಅವಳಿಗೆ ಗಂಜಿ ಕುಡಿಸುತ್ತ ಕೂತಿದ್ದೆ. ಮರುದಿನ ಗಾಡಿ ಬಂದು ಅವಳನ್ನು ಅದೇ ಮನೆಗೆ ಕರೆದೊಯ್ಯುವುದಿತ್ತು. ತುಟಿಯ ಊತ ಇಳಿದಿತ್ತು. ಮಾತಿಗೆ ಮಾತು ಅಂತ, "ಇನ್ಮ್ಯಾಲೆ ಆ ಬಾವಿ ಮೆಟ್ಲು ಹುಷಾರಾಗಿ ಇಳಿಯವ್ವ" ಅಂದೆ.

"ಯಾವ್ ಬಾವಿ ನರ್ಸಮ್ಮ? ನಮ್ಮೂರ್ ಬಾವೀಗೆ ಮೆಟ್ಲೇ ಇಲ್ಲ. ಹಗ್ಗ ಬಿಟ್ಟು ಸೇದಾದು."

"ಮತ್ತೆ ಬಿದ್ದೆ ಅಂದ್ಯಲ್ಲ?"

"ನಾನೆಲ್ಲಿ ಬಿದ್ದೆ? ಬಿತ್ತು ಅಂದೆ. ಮೂರ್ ಏಟು ಬಿತ್ತು. ಭಾವನ್ನ ಹೆಂಗೆ ಬಾಯಲ್ಲಿ ಅನ್ನಾದು? ಅಕ್ಕ ಬೇರೆ ಅಲ್ಲೇ ನಿಂತಿದ್ಲು." ಅವಳು ನನ್ನನ್ನೇ ನೋಡಿದಳು. "ನಿಮ್ಗೆ ಗೊತ್ತಾಯ್ತು ಅನ್ಕಂಡಿದ್ದೆ. ನೀವೂ ನಮ್ ಕಡೆಯೋರೇ ಅಲ್ವಾ?"

ಗಂಜಿಯ ಬಟ್ಟಲು ಕೆಳಗಿಟ್ಟೆ. ‘ಬಿತ್ತು’ ಅಂದರೆ ಏಟು ಬಿತ್ತು. ನಮ್ಮ ಹೆಂಗಸರು ಏಟು ಎಂಬ ಮಾತನ್ನು ನುಂಗಿ ಬರೀ ‘ಬಿತ್ತು’ ಅನ್ನುವುದು ನನಗೆ ತಿಳಿಯದ್ದೇ? ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಆವತ್ತು ಓರಗಿತ್ತಿಯ ಬಾವಿ ನನ್ನ ಕಿವಿಯೊಳಗೆ ಮೊದಲೇ ಇಳಿದುಬಿಟ್ಟಿತ್ತು.

ಮಧ್ಯಾಹ್ನದವರೆಗೂ ಬಾಯಿ ಕಟ್ಟಿಕೊಂಡಿದ್ದೆ. ಕೆಲಸ ಹೋದರೆ ನನ್ನ ಮಗಳ ಓದು ಏನಾಗಬೇಕು ಎಂಬ ಭಯ. ಹೇಳದಿದ್ದರೆ ನಾಳೆ ಇವಳು ಗಾಡಿ ಹತ್ತುತ್ತಾಳೆ, ನಾಲ್ಕನೆಯ ಏಟು ಎಲ್ಲಿ ಬೀಳುವುದೋ. ಕೊನೆಗೆ ಹೋಗಿ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎದ್ದು ಬಂದು ಬಾಗಿಲು ಹಾಕಿಸಿ, ಅವಳ ಮಂಚದ ಪಕ್ಕದಲ್ಲಿ ಕೂತು, "ಮತ್ತೆ ಕೇಳು" ಅಂದರು. ಅವಳು "ಬಿತ್ತು" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ತಮ್ಮ ತಮಿಳಿನಲ್ಲಿ, "ಅಡಿ ವಿಳುಂದದಾ?" ಎಂದು ಕೇಳಿದರು. ಅಡಿ ಅಂದರೆ ಏಟು, ಅವರ ಭಾಷೆಯಲ್ಲೂ ಅದು ಬೀಳುವುದೇ. ಅವಳು ಹೌದೆಂದು ತಲೆಯಾಡಿಸಿದಳು. ಅವರಿಬ್ಬರ ನಡುವೆ ನಾನು ಬೇಕಾಗಿಯೇ ಇರಲಿಲ್ಲ. ನನ್ನ ಜಂಬವೆಲ್ಲ ಆ ಗಳಿಗೆಯಲ್ಲೇ ಇಳಿದುಹೋಯಿತು.

ಹಳೆಯ ಪ್ರತಿ ಹರಿದು ಹೊಸದಾಗಿ ಬರೆದುಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ಕಾಂಪೌಂಡರ್ ಉಪಾಯ ಹೇಳಿದ. "ಅದನ್ನೂ ನಾನೇ ಬರೆದದ್ದು. ಇರಲಿ" ಅಂದರು ಡಾಕ್ಟರಮ್ಮ. ಎರಡನೆಯದನ್ನು ಬರೆದು, ಮೊದಲನೆಯದರಲ್ಲಿ ತಪ್ಪಾಗಿದೆ ಎಂದು ಅದರಲ್ಲೇ ಕಾಣಿಸಿ ಠಾಣೆಗೆ ಕಳಿಸಿದರು. ಮರುದಿನ ಗಾಡಿ ಬಂದಾಗ, ಕೈ ವಾಸಿಯಾಗಿಲ್ಲ, ಕಳಿಸುವುದಿಲ್ಲ ಎಂದು ತಾವೇ ಬಾಗಿಲಲ್ಲಿ ನಿಂತರು. ಭಾವ ಊರಿನ ದೊಡ್ಡ ಕುಳ. ದರ್ಪದಿಂದ ಏನೇನೋ ಕೂಗಾಡಿದ. ಅವರಿಗೆ ಕನ್ನಡ ಅರ್ಥವಾಗುವುದಿಲ್ಲ ಎಂಬ ಧೈರ್ಯ ಅವನಿಗೆ. ನಾನು ಅನುವಾದ ಮಾಡಲು ಹೋದರೆ, "ಇದು ಬೇಡ, ಇದು ಅರ್ಥವಾಯಿತು" ಅಂದರು.

ಕೇಸು ಕೋರ್ಟಿಗೆ ಬಂತು. ಭಾವನ ಕಡೆಯ ವಕೀಲರು ಎರಡೂ ಸರ್ಟಿಫಿಕೇಟುಗಳನ್ನು ಎರಡು ಕೈಯಲ್ಲಿ ಹಿಡಿದು ಆಡಿಸಿದರು. ಒಂದರಲ್ಲಿ ಬಿದ್ದಳು, ಇನ್ನೊಂದರಲ್ಲಿ ಹೊಡೆದರು, ನಾಳೆ ಏನು ಬರೆಯುತ್ತೀರಿ ಎಂದು ಕೇಳಿದರು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರಮ್ಮ ನಗು ನಿಲ್ಲುವವರೆಗೆ ಕಾದು, ಎರಡೂ ಕಾಗದದಲ್ಲಿ ಗಾಯಗಳ ಭಾಗ ಅಕ್ಷರಕ್ಕೆ ಅಕ್ಷರ ಒಂದೇ ಇದೆ, ಓದಿಸಿ ನೋಡಿ ಎಂದರು. ಎಡ ಮುಂಗೈಯ ಹೊರಭಾಗದಲ್ಲಿ ಜೋಡಿ ಕೆಂಪು ಗೆರೆ, ನಡುವೆ ಬಿಳುಪು. ದುಂಡು ಕೋಲು ಬಿದ್ದರೆ ಮೂಡುವ ಗುರುತು ಅದು. ಬೆನ್ನ ಮೇಲೂ ಅಂಥದೇ ಇನ್ನೊಂದು. ಅಂಗೈಯಲ್ಲಿ ತರಚಿಲ್ಲ. ಮೊಣಕಾಲಲ್ಲಿ ತರಚಿಲ್ಲ. ಮೊಣಕೈಯಲ್ಲಿ ತರಚಿಲ್ಲ. "ಕಲ್ಲು ಮೆಟ್ಟಿಲ ಮೇಲೆ ಮೂರು ಸಲ ಉರುಳಿದವಳ ಮೊಣಕಾಲು ಹೀಗಿರುತ್ತದೆಯೆ?" ಎಂದು ಕೇಳಿದರು. ಕಾಂಪೌಂಡರ್ ನಗುತ್ತಿದ್ದ ‘ಇಲ್ಲ’ಗಳೆಲ್ಲ ಆವತ್ತು ಸಾಕ್ಷಿ ನುಡಿದವು. ನನಗೆ ಅಳು ಬಂತು.

ವಕೀಲರು ಬಿಡಲಿಲ್ಲ. "ನಿಮಗೆ ಕನ್ನಡ ಬರುವುದಿಲ್ಲವಲ್ಲ, ಮೊದಲ ಸಲ ಆಕೆಯ ಮಾತನ್ನು ನಿಮಗೆ ಹೇಳಿದವರು ಯಾರು?" ಅಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಡಾಕ್ಟರಮ್ಮ ತಲೆಯೆತ್ತಿ ನನ್ನ ಕಡೆ ನೋಡಿದರು. ಹೆಚ್ಚು ಹೊತ್ತೇನಲ್ಲ, ಒಂದು ಸಲ ಉಸಿರು ಎಳೆದುಕೊಳ್ಳುವಷ್ಟು. ಆಮೇಲೆ ವಕೀಲರ ಕಡೆ ತಿರುಗಿ, "ಕೇಳಿಸಿಕೊಂಡು ಬರೆದವಳು ನಾನು. ರುಜು ನನ್ನದು. ತಪ್ಪು ನನ್ನದು" ಅಂದರು.

ಭಾವನಿಗೆ ಸಜೆಯಾಯಿತು. ಆ ಹೆಂಗಸು ತವರಿಗೆ ಹೋದಳು. ಊರಿನ ಹಿರಿಯರು ಕೂತು ಗಂಡನ ಪಾಲಿನ ಹೊಲವನ್ನು ಅವಳಿಗೆ ಬಿಡಿಸಿಕೊಟ್ಟರು. ಆಮೇಲೊಂದು ದಿನ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದು, ನನ್ನನ್ನು ದಾಟಿ ಸೀದಾ ಡಾಕ್ಟರಮ್ಮನ ಹತ್ತಿರ ಹೋದಳು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ತೀರ್ಪಿನಲ್ಲಿ ಮಾತ್ರ ಡಾಕ್ಟರರ ಅಜಾಗರೂಕತೆಯ ಬಗ್ಗೆ ಎರಡು ಸಾಲು ಇದ್ದವಂತೆ. ಮೇಲಿನವರಿಂದ ಕಾಗದ ಬಂತು. ಬರಬೇಕಿದ್ದ ಬಡ್ತಿ ಬರಲಿಲ್ಲ, ವರ್ಗ ಬಂತು. ಸಮುದ್ರದ ಕಡೆಯ ಯಾವುದೋ ಊರಿಗೆ. ಹೊರಡುವ ಬೆಳಿಗ್ಗೆ ಬಸ್ಸಿನ ಹತ್ತಿರ ನನ್ನ ಕೈ ಹಿಡಿದು, ತಪ್ಪು ತಪ್ಪು ಕನ್ನಡದಲ್ಲಿ, "ನೀ ಒಳ್ಳೆ ಕೆಲಸಗಾರಿ. ಬಾಯಿ ಮಾತ್ರ ಜಾಸ್ತಿ ಇದೆ" ಅಂದರು. ನಾನು ಅಳುತ್ತಾ ನಕ್ಕೆ. ಆ ಹೊತ್ತಿನಲ್ಲಾದರೂ ಕೋರ್ಟಿನ ಮಾತು ಎತ್ತಬಹುದಿತ್ತು. ಎತ್ತಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ಎಷ್ಟೋ ವರ್ಷ ತಡವಾಗಿ, ಕೃಷ್ಣಗಿರಿಯಲ್ಲಿ ಸಿಕ್ಕ ಹಳೆಯ ಕಾಂಪೌಂಡರನಿಂದ ತಿಳಿಯಿತು. ಕೊನೆಯವರೆಗೂ ಅದೇ ದರ್ಜೆಯಲ್ಲಿ ಕೆಲಸ ಮಾಡಿ ನಿವೃತ್ತರಾದರಂತೆ. ನಾನು ಪೂರ್ತಿ ಸಂಬಳ, ಪೂರ್ತಿ ಪಿಂಚಣಿ ಪಡೆದವಳು. ಮಗಳನ್ನು ಓದಿಸಿದೆ. ನಾನು ಉಣ್ಣುತ್ತಿರುವುದು ಅವರ ಅನ್ನವೇ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಸಂಕೋಚವಿರುವುದು ಇನ್ನೊಂದಕ್ಕೆ. ಕೋರ್ಟಿನಲ್ಲಿ ಅವರು ನನ್ನ ಕಡೆ ನೋಡಿದರಲ್ಲ, ಆ ನೋಟ ‘ಕೂತಿರು, ನಾನು ನೋಡಿಕೊಳ್ಳುತ್ತೇನೆ’ ಎಂದಿತು ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದೆ. ಮಗಳಿಗೂ ಹಾಗೇ ಹೇಳಿದ್ದೇನೆ. ಈಗ ಕೂತು ಬರೆಯುವಾಗ ಅನುಮಾನವಾಗುತ್ತಿದೆ. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆ ನೋಟ ‘ಏಳು’ ಎಂದಿದ್ದರೂ ಇರಬಹುದು. ನಾನು ಏಳುತ್ತೇನೇನೋ ಎಂದು ಒಂದು ಉಸಿರಿನಷ್ಟು ಹೊತ್ತು ಕಾದರು, ಏಳಲಿಲ್ಲ, ಆಮೇಲೆ ತಮ್ಮ ಹೆಸರು ಹೇಳಿಕೊಂಡರು. ‘ಕೂತಿರು’ ಎಂಬುದು ನಾನು ಅಂದುಕೊಂಡದ್ದು.