ಉಡಿ ಒಲ್ಲೆನೆಂದ ಮ್ಯಾಲಿನಾಕಿ

ಆಕೆ ಮೆಟ್ಟಿಲಿಳಿಯುವಾಗ ನಮ್ಮ ಅಡುಗೆಮನೆಯ ಕಿಟಕಿಯಿಂದ ಮೊದಲು ಕಾಣುತ್ತಿದ್ದುದು ಪಾದಗಳು. ಅಗಲವಾದ, ಕಪ್ಪು, ನೆಲವನ್ನು ಪೂರ್ತಿ ಒತ್ತಿ ನಡೆಯುವ ಪಾದಗಳು. ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಸಣ್ಣವಳಿದ್ದಾಗ ಒನಕೆ ಬಿದ್ದು ಹೋಯಿತು ಎಂದಿದ್ದಳು. ಒನಕೆ ಯಾಕೆ ಬಿತ್ತು ಎಂಬುದನ್ನು ಬಹಳ ದಿನ ಹೇಳಲಿಲ್ಲ.

ಮಹಾಂತೇಶ ನಗರದ ನಮ್ಮ ಮನೆಯ ಮಹಡಿಯಲ್ಲಿ ಆಕೆ ಬಾಡಿಗೆಗಿದ್ದಳು. ಊರು ನೈಜೀರಿಯಾದ ಪೂರ್ವಭಾಗ, ಜನ ಇಗ್ಬೊ. ಅಲ್ಲಿ ನರ್ಸಿಂಗ್ ಕಲಿಸುವ ಕೆಲಸದಲ್ಲಿದ್ದು ಹೆಚ್ಚಿನ ಓದಿಗೆಂದು ಬೆಳಗಾವಿಗೆ ಬಂದಿದ್ದಳು. ಗಂಡ ತೀರಿಕೊಂಡಿದ್ದ. ಮಗಳು ಊರಿನಲ್ಲಿ ಓದುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ಮೆಟ್ರನ್ ಆಗಿ ನಿವೃತ್ತಳಾದವಳು. ಮನೆಯಲ್ಲಿ ನಾನು, ನನ್ನ ಯಜಮಾನರು ಇಬ್ಬರೇ. ಪ್ರತಿಯೊಂದಕ್ಕೂ ಅದರದರ ಹೊತ್ತು, ಅದರದರ ಜಾಗ. ಹಾಗಾಗಿ ಬಾಡಿಗೆಯವರು ನಮ್ಮಲ್ಲಿ ನಿಲ್ಲುವುದು ಕಷ್ಟ. ಆಕೆ ನಿಂತಳು. ನನ್ನನ್ನು ಅವ್ವಾರ ಎಂದಳು. ನಾವು ಆಕೆಯನ್ನು ಮ್ಯಾಲಿನಾಕಿ ಎಂದೆವು. ವಾರ್ಡಿನ ರೋಗಿಗಳಿಂದಲೂ ಕಾಯಿಪಲ್ಲೆ ಮಾರುವವರಿಂದಲೂ ಆಕೆ ಕಲಿತ ಕನ್ನಡ ಅಪ್ಪಟ ನಮ್ಮ ಕಡೆಯದು.

ಆಕೆ ಬಂದ ಮೊದಲ ವಾರವೇ ಎದುರುಮನೆಯಾಕೆ ಗೇಟಿನಲ್ಲಿ ನಿಂತು ಕೇಳಿದಳು: "ಬಾಯಾರ, ಕರಿ ಮಂದಿಗೆ ಮನಿ ಕೊಟ್ಟೀರಂತಲ್ರೀ? ಓಣ್ಯಾಗ ಸಣ್ಣ ಹುಡುಗ್ರು ಅದಾವು."

ನಾನು ಬಾಯಿ ತೆರೆಯುವ ಮೊದಲೇ ಮಹಡಿಯಿಂದ ಉತ್ತರ ಬಂತು. "ಹೌದ್ರೀ ಅಕ್ಕಾರ, ನಾ ಕರಿ ಅದೀನಿ. ನಿಮ್ಮ ದೇವರ ಕೋಣ್ಯಾಗ ವಿಠ್ಠಲ ಅದಾನಲ್ರೀ, ಅವನೂ ಕರಿ. ಬಾಡಿಗಿ ಕೊಡದ ಅದಾನ. ನಾ ಕೊಡ್ತೀನಿ."

ಎದುರುಮನೆಯಾಕೆ ಮತ್ತೆ ಆ ಮಾತೆತ್ತಲಿಲ್ಲ. ನಾನು ಒಳಗೆ ಹೋಗಿ ನಕ್ಕೆ. ಮ್ಯಾಲಿನಾಕಿ ನಗಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಇಂಥ ಮಾತಿಗೆ ಉತ್ತರ ಹುಡುಕಿ ಇಟ್ಟುಕೊಂಡೇ ಮನೆಯಿಂದ ಹೊರಡಬೇಕಾದವರಿಗೆ ನಗು ಎಲ್ಲಿಂದ ಬರಬೇಕು?

ನಮ್ಮಿಬ್ಬರನ್ನು ಹತ್ತಿರ ತಂದದ್ದು ಒಂದು ಹಾಸಿಗೆ. ನನಗೆ ಜ್ವರ ಬಂದಾಗ ಆಕೆ ಕೆಳಗಿಳಿದು ಬಂದು ಚಾದರ ಬದಲಿಸಿದಳು. ಮೂಲೆಯನ್ನು ಎತ್ತಿ, ಓರೆಯಾಗಿ ಹಿಡಿದು, ಗಾದಿಯ ಕೆಳಗೆ ತುರುಕಿ, ಅಂಗೈಯಿಂದ ಒಮ್ಮೆ ಸವರಿದಳು. ನಾನು ಮಲಗಿದಲ್ಲಿಂದಲೇ ನೋಡುತ್ತಿದ್ದೆ. ಅದೇ ಮಡಿಕೆ. ಅದೇ ಸವರುವಿಕೆ. ಇಲ್ಲಿನ ಕ್ಯಾಂಪ್ ಪ್ರದೇಶದ ಮಿಶನ್ ಶಾಲೆಯ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಮೂಲೆ ಸರಿಯಾಗದಿದ್ದರೆ ಬೆರಳ ಗೆಣ್ಣಿನ ಮೇಲೆ ಏಟು ತಿಂದು ನಾನು ಕಲಿತದ್ದೇ ಅದು.

"ನಿನಗ ಇದನ್ನ ಯಾರ ಕಲಿಸಿದ್ರು?" ಎಂದೆ.

"ಮಿಶನ್ ಸಾಲಿ ಸಿಸ್ಟರ್‌ಗೋಳು. ನಿಮಗ್ರೀ?"

"ನನಗೂ ಅವರ."

ಇಬ್ಬರೂ ನಕ್ಕೆವು. ಆಮೇಲೆ ಆಕೆ ಹಾಸಿಗೆಯ ಅಂಚಿನಲ್ಲಿ ಕುಳಿತು, "ನಮ್ಮ ಅಜ್ಜಿ ಕೈಯಾಗಿನ ಸಂತಿ ಕಸ್ಕೊಂಡು, ಈ ಮೂಲಿ ಮಡಚೂದನ್ನ ಕೊಟ್ರು ನೋಡ್ರಿ" ಎಂದಳು. ಆ ಮಾತಿನಲ್ಲಿದ್ದ ಸಿಟ್ಟು ನನ್ನ ಜ್ವರಕ್ಕಿಂತ ಬಿಸಿಯಾಗಿತ್ತು.

ಮುಂದೆ ಸಂಜೆಯ ಚಹಾದ ಹೊತ್ತಿಗೆ ಆಕೆ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತೇನೆ. ಅವರ ಊರಿಗೆ ಅರಸನಿರಲಿಲ್ಲ. ಗಂಡಸರ ಕೂಟ ಬೇರೆ, ಹೆಂಗಸರ ಕೂಟ ಬೇರೆ. ದೊಡ್ಡ ಗೆಣಸು ಗಂಡಸರ ಬೆಳೆ. ಕೆಸುವಿನ ಗಡ್ಡೆ ಹೆಂಗಸರದ್ದು. ಅದನ್ನು ಮಾರಿ ಬಂದದ್ದೂ ಅವರದೇ. ಸಂತೆಯ ಕಟ್ಟಳೆ ಮಾಡುತ್ತಿದ್ದವರು ಹೆಂಗಸರು. ಹೆಂಡತಿಯನ್ನು ಬಡಿದವನ, ಹೆಂಗಸರ ಬೆಳೆಗೆ ದನ ಬಿಟ್ಟವನ ಮನೆಯ ಮುಂದೆ ಊರಿನ ಸೊಸೆಯಂದಿರೆಲ್ಲ ಒನಕೆ ಹಿಡಿದು ಹೋಗಿ ಕೂಡುತ್ತಿದ್ದರು. ಅವನ ಹೆಸರು ಹಾಕಿ ಹಾಡು ಕಟ್ಟುವರು. ಒನಕೆಯಿಂದ ಗೋಡೆ ಕುಟ್ಟುವರು. ತಪ್ಪಾಯಿತು ಎನ್ನುವವರೆಗೆ ಏಳುತ್ತಿರಲಿಲ್ಲ. ಅದಕ್ಕೆ 'ಗಂಡಸಿನ ಮೇಲೆ ಕೂಡುವುದು' ಎಂದೇ ಹೆಸರು.

ಬಿಳಿಯರ ಸರಕಾರ ಬಂತು. ನಿಮ್ಮ ಮುಖಂಡ ಯಾರು ಎಂದು ಕೇಳಿತು. ಯಾರೂ ಇಲ್ಲ ಎಂದರೆ ಅವರಿಗೆ ತಿಳಿಯಲಿಲ್ಲ. ಕೈಗೆ ಸಿಕ್ಕ ಗಂಡಸರನ್ನು ಹಿಡಿದು, ಟೋಪಿ ಹಾಕಿ, ಮುಖಂಡರೆಂದಿತು. ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ. ಮುಂದೆ ಕೋರ್ಟಿನಲ್ಲಿ ನಿಮ್ಮ ಪದ್ಧತಿ ಏನು ಎಂಬ ಪ್ರಶ್ನೆ ಬಂದಾಗ ಉತ್ತರ ಹೇಳಿದವರು ಆ ಟೋಪಿಯವರು. ಮನೆ ಗಂಡಸಿನದು, ಹೊಲ ಗಂಡಸಿನದು, ಹೆಂಗಸು ಅವನ ಕೈಕೆಳಗೆ ಎಂದರು. ಅದೇ ಪದ್ಧತಿಯಾಯಿತು. ಮಿಶನ್ ಶಾಲೆ ಹುಡುಗರಿಗೆ ಗುಮಾಸ್ತಿಕೆ ಕಲಿಸಿತು, ಹುಡುಗಿಯರಿಗೆ ಕಸೂತಿ. ಒನಕೆ ಹಿಡಿದು ಕೂಡುವುದು ಶಾಂತಿಭಂಗವಾಯಿತು. ಆಕೆಯ ಅಜ್ಜಿ ಮಾತ್ರ ಮುದಿವಯಸ್ಸಿನಲ್ಲೂ ಒಮ್ಮೆ ಹೋಗಿ ಕೂತಿದ್ದಳು. ಮೊಮ್ಮಗಳು ಜೊತೆಗಿದ್ದಳು. ಪೊಲೀಸರು ಬಂದಾಗ ಗದ್ದಲದಲ್ಲಿ ಅಜ್ಜಿಯ ಒನಕೆ ಮೊಮ್ಮಗಳ ಕಾಲ ಮೇಲೆ ಬಿತ್ತು. ಉಗುರು ಹೋದದ್ದು ಹಾಗೆ.

"ಹಂಗಂತ ಬಿಳಿಯರು ಬರೂಕಿಂತ ಮೊದಲ ಸ್ವರ್ಗ ಇತ್ತಂತ ತಿಳೀಬ್ಯಾಡ್ರಿ ಅವ್ವಾರ" ಎಂದೂ ಹೇಳಿದಳು. "ನನ್ನ ಗಂಡ ಸತ್ತಾಗ ತಲಿ ಬೋಳಿಸಿದಾಕಿ ನನ್ನ ನಾದಿನಿ. ಬಿಳಿಯರಲ್ಲ. ಆದ್ರ ಮೈದುನರು ಮನಿ ಕಸ್ಕೊಂಡಾಗ ನಾ ಯಾರ ಹತ್ರ ಹೋಗ್ಲಿ? ಮೊದಲ ಆಗಿದ್ರ ಸೊಸ್ತೇರೆಲ್ಲ ಬಂದು ಕುಂದರತಿದ್ರು. ಈಗ ಪದ್ಧತಿ ಅಂತಾರ, ಬಾಗಿಲಾ ಹಾಕ್ತಾರ."

ಪದ್ಧತಿ! ಆ ಮಾತು ನನಗೆ ಹೊಸದಾಗಿರಲಿಲ್ಲ. ಆಗ ನನ್ನ ತಮ್ಮನ ಬಾಯಲ್ಲಿ ದಿನವೂ ಅದೇ ಇತ್ತು.

ನಮ್ಮ ತವರು ಖಾನಾಪುರ. ನಾವು ನಾಲ್ವರು ಹೆಣ್ಣುಮಕ್ಕಳು, ಒಬ್ಬ ತಮ್ಮ. ಹೆಣ್ಣುಮಕ್ಕಳಲ್ಲಿ ಕೊನೆಯವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿದ್ದು, ಎಮ್ಮೆ ಕಟ್ಟಿ ಬದುಕುತ್ತಿದ್ದಳು. ನಮ್ಮ ಅಜ್ಜಿಯೂ ಆ ಹಿತ್ತಲಲ್ಲೇ ಎಮ್ಮೆ ಕಟ್ಟಿದ್ದಳು. ಬೆಣ್ಣೆ ಅಜ್ಜಿಯದು, ಸಂತೆ ಅಜ್ಜಿಯದು. ಅಜ್ಜ ಹೊಗೆಸೊಪ್ಪಿಗೂ ಅಜ್ಜಿಯ ಮುಂದೆ ಕೈಚಾಚುತ್ತಿದ್ದ. ಮನೆ ಮಾತ್ರ ಅಜ್ಜನ ಹೆಸರಿಗೆ, ಆಮೇಲೆ ಅಪ್ಪನ ಹೆಸರಿಗೆ ಬಂತು. ಅಪ್ಪ ಹೋದ ಮೇಲೆ ಕಾಯಿದೆ ನಮ್ಮನ್ನೂ ಹಕ್ಕುದಾರರೆಂದಿತು, ತಮ್ಮ ಅನ್ನಲಿಲ್ಲ. ಗೋವಾ ರಸ್ತೆಯ ಕಡೆಗೆ ರಿಸಾರ್ಟುಗಳು ಎದ್ದ ಮೇಲೆ ಅವನಿಗೂ ಒಂದು ಬೇಕಾಯಿತು. ಹಿತ್ತಲಿನ ಕೋಣೆಗಳನ್ನು ಕೆಡವಬೇಕು, ತಂಗಿ ಹೊರಡಬೇಕು.

"ಆಕಿ ಎಲ್ಲಿಗೆ ಹೋಗಬೇಕೋ?" ಎಂದು ಫೋನಿನಲ್ಲಿ ಕೇಳಿದೆ.

"ನಿನ್ನ ಮ್ಯಾಲಿನ ಮನಿ ಐತೆಲ್ಲಕ್ಕಾ. ಆ ಕರಿಯಾಕಿನ್ನ ಬಿಡಿಸಿ ಇವಳನ್ನ ಇಟ್ಕೊ."

"ಅದು ಆಕಿ ತವರಮನಿ."

"ಹೆಣ್ಮಕ್ಕಳಿಗೆ ಉಡಿ ತುಂಬೂದು ನಮ್ಮ ಪದ್ಧತಿ. ಮನಿ ಕೊಡೂದು ಪದ್ಧತಿ ಅಲ್ಲ."

ಇಬ್ಬರು ವಿಧವೆಯರ ನೆಲೆಯನ್ನು ಒಂದೇ ಮಾತಿನಲ್ಲಿ ಕಿತ್ತು ಫೋನಿಟ್ಟ. ಉಡಿಯಾದರೂ ತುಂಬುತ್ತಿದ್ದನೇ? ವಿಧವೆಯೆಂದು ನಮ್ಮ ತಂಗಿಯನ್ನು ಆ ತಟ್ಟೆ ದಾಟಿ ಹೋಗುತ್ತಿತ್ತು. ಹಣೆಗೆ ವಿಭೂತಿ ಹಚ್ಚಿ ಎಲ್ಲರೂ ಸಮಾನರೆನ್ನುವ ಮನೆತನ ನಮ್ಮದು!

ಅದಕ್ಕೇ ಆ ವರ್ಷ ಮ್ಯಾಲಿನಾಕಿ ರಜೆಗೆ ಊರಿಗೆ ಹೊರಟಾಗ ಹಟದಿಂದ ಉಡಿ ತುಂಬಿದೆ. ಮಣೆ ಹಾಕಿ ಕೂರಿಸಿ, ಸೆರಗಿಲ್ಲದ್ದಕ್ಕೆ ಮಡಿಲ ಮೇಲೆ ನನ್ನದೇ ಸೀರೆ ಹಾಸಿ, ಅಕ್ಕಿ, ಕೊಬ್ಬರಿ, ಅರಿಸಿನ ಬೇರು, ಜಂಪರಿನ ಬಟ್ಟೆ ಹಾಕಿದೆ. ಆಕೆಯ ಮುಖ ಸಣ್ಣದಾಯಿತು.

"ಅವ್ವಾರ, ನಂದೇನ್ ತಪ್ಪಾತ್ರೀ? ಮನಿ ಬಿಡಬೇಕೇನು?"

ನನಗೆ ಅರ್ಥವಾಗಲಿಲ್ಲ. ಗಂಡನ ಮನೆಯವರು ಆಕೆಯನ್ನು ಹೊರಹಾಕಿದ ದಿನವೂ ಬಟ್ಟೆಯಲ್ಲಿ ಗೆಣಸು ಕಟ್ಟಿ ಮಡಿಲಿಗಿಟ್ಟಿದ್ದರಂತೆ. ಅಯ್ಯೋ ಮಗಳ, ಇದು ಹಂಗಲ್ಲ ಎಂದೆ. ಇದು ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಮಾಡುವುದು. ಇದರಲ್ಲಿ ನಾಲ್ಕು ಕಾಳು ತಿರುಗಿ ತಟ್ಟೆಗೆ ಹಾಕು, ತಿರುಗಿ ಬರುತ್ತೀ ಎಂದು ಅರ್ಥ ಎಂದೆ.

ಆಕೆ ಕಾಳು ಹಾಕಿದಳು. ಹಾಕಿ ಕೇಳಿದಳು: "ಉಡಿ ತುಂಬದ ಹೋಗಂಗಿಲ್ಲೇನ್ರೀ?"

"ತುಂಬದ ಹೆಂಗ ಹೋಗ್ತಾರ? ಯಾರೂ ಹೋಗಂಗಿಲ್ಲ."

ಆಕೆ ತಲೆಯೆತ್ತಿ ನನ್ನನ್ನೇ ನೋಡಿದಳು. ತಮ್ಮನ ವಿಷಯವೆಲ್ಲ ಆಕೆಗೆ ಗೊತ್ತಿತ್ತು. "ಹಂಗಾರ ತವರಾಗ ನೀವು ಉಡಿ ತಗೋಬ್ಯಾಡ್ರಲ್ಲ!" ಎಂದಳು.

ಬಾಳಿನ ಉದ್ದಕ್ಕೂ ಉಡಿ ತುಂಬಿಸಿಕೊಂಡ ನನಗೆ ಈ ಬುದ್ಧಿ ಹೊಳೆದಿರಲಿಲ್ಲ.

ಮುಂದಿನ ನಾಗರ ಪಂಚಮಿಗೆ ನಾವು ಹೆಣ್ಣುಮಕ್ಕಳು ತವರಿಗೆ ಹೋದೆವು. ರಜೆ ಮುಗಿಸಿ ಬಂದಿದ್ದ ಮ್ಯಾಲಿನಾಕಿಯೂ ಜೋಕಾಲಿ ನೋಡುತ್ತೇನೆಂದು ಜೊತೆಗೆ ಬಂದಳು. ಹಬ್ಬವಾಯಿತು, ಉಂಡಿ ತಿಂದದ್ದಾಯಿತು. ಮರುದಿನ ಬೆಳಿಗ್ಗೆ ಹಿತ್ತಲು ಕೆಡವುವ ಜೆಸಿಬಿ ಓಣಿಯ ತುದಿಯಲ್ಲಿ ಬಂದು ನಿಂತಿತು. ತಮ್ಮನ ಹೆಂಡತಿ ಉಡಿಯ ತಟ್ಟೆ ಹಿಡಿದು ಮನೆಯ ಮುಂದೆ ನಾವು ಕೂತಿದ್ದ ಕಟ್ಟೆಗೆ ಬಂದಳು.

"ಬರ್ರಿ ಅಕ್ಕಾರ, ಹೊತ್ತಾಗತೈತಿ, ಉಡಿ ತುಂಬತೀನಿ."

"ಬ್ಯಾಡವ್ವಾ."

"ಬ್ಯಾಡಂದ್ರ?"

"ಹೋಗೂ ಮನಸಿಲ್ಲ. ನಮ್ಮ ಮೂವರಿಗೂ ಬ್ಯಾಡ. ಸಣ್ಣಾಕಿಗಂತೂ ನೀವು ಎಂದೂ ತುಂಬಿಲ್ಲ, ಹಂಗಾಗಿ ಆಕಿ ಹೋಗೂ ಪ್ರಶ್ನೆನ ಬರಂಗಿಲ್ಲ."

ತಮ್ಮ ಹೊರಗೆ ಬಂದ. "ಏನಕ್ಕಾ ಇದು ನಾಟಕ? ಮಂದಿ ನೋಡಾಕತ್ತಾರ!"

"ನೋಡ್ಲಿ. ಪದ್ಧತಿ ನಿಂದ. ಉಡಿ ಇಲ್ಲದ ಹೆಣ್ಮಕ್ಕಳನ್ನ ಕಳಸಾಕ ಬರಂಗಿಲ್ಲ."

ಅಷ್ಟರಲ್ಲಿ ಮ್ಯಾಲಿನಾಕಿ ಪಡಸಾಲೆಯ ಮೂಲೆಯಲ್ಲಿದ್ದ ನಮ್ಮ ಅಜ್ಜಿಯ ಒನಕೆಯನ್ನು ತಂದು ಕಟ್ಟೆಯ ಕಲ್ಲಿಗೆ ಕುಟ್ಟತೊಡಗಿದಳು. ಧಪ್, ಧಪ್. ಜೊತೆಗೆ ತನ್ನ ಭಾಷೆಯಲ್ಲಿ ಹಾಡು. ನಡುನಡುವೆ ನಮ್ಮ ತಮ್ಮನ ಹೆಸರು.

"ಏನಂತ ಹಾಡಾಕತ್ತೀಯ?" ಎಂದೆ.

"ಅರ್ಥ ಕೇಳಬ್ಯಾಡ್ರಿ ಅವ್ವಾರ, ನಾಚ್ಕಿ ಬರತೈತಿ."

ನನ್ನ ಎರಡನೆಯ ತಂಗಿ ಬೀಸುಕಲ್ಲಿನ ಹಾಡಿನವಳು. ಅವಳೂ ದನಿಗೂಡಿಸಿದಳು:

ಅಜ್ಜಿಯ ಕಟ್ಟಿಮ್ಯಾಲ ಅಕ್ಕದೇರು ಕುಂತಾರ
ಒಜ್ಜಿ ಮಶೀನು ತಂದಾನ ತಮ್ಮಯ್ಯ
ಲಜ್ಜಿ ಎಲ್ಲಿಟ್ಟು ಬಂದಾನ

ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಮರಾಠಿ ಮಾತಾಡುವ ಬಾಜು ಮನೆಯ ಮುದುಕಿಯಂತೂ ಚಾಪೆ ತಂದು ನಮ್ಮೊಡನೆ ಕೂತೇಬಿಟ್ಟಳು. ತಮ್ಮ ಕೆಂಡವಾದ. "ಪೊಲೀಸರಿಗೆ ಫೋನ್ ಮಾಡ್ತೀನಿ. ಪರದೇಶದಾಕಿ ಇಲ್ಲಿ ಗದ್ಲಾ ಎಬ್ಬಿಸ್ಯಾಳಂತ ಹೇಳಿ ಊರ ಬಿಡಸ್ತೀನಿ!"

ಒನಕೆ ನಿಂತಿತು. ವೀಸಾ, ಓದು, ಆಕೆಯ ಬದುಕೆಲ್ಲ ಆ ಒಂದು ಫೋನಿನಲ್ಲಿತ್ತು. ಸಾಕು, ನೀನು ಒಳಗೆ ಹೋಗು ಎಂದು ಹೇಳಬೇಕೆಂದಿದ್ದೆ. ಆಕೆ ತನ್ನ ಉಗುರಿಲ್ಲದ ಬೆರಳನ್ನು ಒಮ್ಮೆ ನೋಡಿಕೊಂಡಳು.

"ನಮ್ಮ ಅಜ್ಜಿಗೂ ಹಿಂಗ ಅಂದಿದ್ರು" ಎಂದಳು. ಧಪ್ ಎಂದು ಒನಕೆ ಬಿತ್ತು.

"ಮಾಡೋ ಫೋನು" ಎಂದೆ ನಾನು. "ನಿನ್ನ ಅಕ್ಕದೇರು ತವರಮನಿ ಕಟ್ಟಿ ಮ್ಯಾಲ ಕುಂತಾರ ಅಂತನೂ ಹೇಳು. ಹಕ್ಕಿನ ಮಾತೂ ಅವರ ಮುಂದನ ಆಗ್ಲಿ."

ಅವನು ಫೋನನ್ನು ಕಿಸೆಯಿಂದ ತೆಗೆದ, ನೋಡಿದ, ಮತ್ತೆ ಕಿಸೆಗಿಟ್ಟ. ಮಧ್ಯಾಹ್ನ ನನ್ನ ಯಜಮಾನರು ಬೆಳಗಾವಿಯಿಂದ ಬುತ್ತಿ ತಂದು ಕಟ್ಟೆಯ ಮೇಲಿಟ್ಟು, ಜೆಸಿಬಿಯವನ ಜೊತೆ ಚಹಾ ಕುಡಿಯಲು ಹೋದರು. ತಮ್ಮ ಒಳಗಿನಿಂದ ಹೆಂಡತಿಯನ್ನು ಕೂಗಿದ, ಊಟಕ್ಕೆ ಬಡಿಸು ಎಂದ. ಬೆಳಗಿನಿಂದ ತಟ್ಟೆ ಹಿಡಿದು ನಿಂತೇ ಇದ್ದ ಆಕೆ ತಟ್ಟೆಯನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಮ್ಯಾಲಿನಾಕಿಯ ಬದಿಗೆ ಕುಳಿತಳು.

"ನಾನೂ ಇಲ್ಲೇ ಕುಂದರತೀನಿ" ಎಂದಳು. "ಅನ್ನ ಒಲಿ ಮ್ಯಾಲ ಐತಿ. ನೀವ ಹಚ್ಕೊಂಡು ಉಣ್ರಿ."

ಜೆಸಿಬಿ ಸಂಜೆಗೆ ಹಿಂದಕ್ಕೆ ಹೋಯಿತು. ತಮ್ಮ ಒಳ್ಳೆಯವನಾಗಲಿಲ್ಲ. ಮನೆಯ ಮುಂದಿನ ಜಾಗದಲ್ಲಿ ರಿಸಾರ್ಟು ಕಟ್ಟಿದ, ಅದರ ಜನರೇಟರಿನ ಸದ್ದಿಗೆ ಎಮ್ಮೆ ಬೆದರುತ್ತದೆ. ನನ್ನೊಡನೆ ಅವನ ಮಾತಿಲ್ಲ. ತಂಗಿ ಮಾತ್ರ ಆ ಎರಡು ಕೋಣೆಗಳಲ್ಲೇ ಇದ್ದಾಳೆ. ಈಗ ತಮ್ಮನ ಹೆಂಡತಿ ಪಂಚಮಿಗೆ ಮೊದಲ ಉಡಿ ಅವಳಿಗೇ ತುಂಬುತ್ತಾಳೆ. ತುಂಬಿಸಿಕೊಂಡು ಅವಳು ಅಂಗಳ ದಾಟಿ ತನ್ನ ಕೋಣೆಗೆ ಹೋಗುತ್ತಾಳೆ.

ಮ್ಯಾಲಿನಾಕಿಯ ಓದು ಮುಗಿಯಿತು. ಊರಿಗೆ ಹೋಗಿ ಮೈದುನರ ಬಾಗಿಲಲ್ಲಿ ಕೂಡುತ್ತೇನೆ ಎಂದಳು. ಹೊರಡುವ ದಿನ ನಾನು ತಟ್ಟೆ ತಂದೆ. ಆಕೆ ಮಣೆಯ ಮೇಲೆ ಕೂರಲಿಲ್ಲ.

"ಒಲ್ಲೆ ಅವ್ವಾರ. ತಗೊಂಡ್ರ ಹೋದಂಗಾಗತೈತಿ."

ಊರಿಗೆ ಹೋಗಿ ಮೈದುನರ ಬಾಗಿಲಲ್ಲಿ ಆಕೆ ಕೂತಳು ಕೂಡ. ಊರಿನ ಸೊಸೆಯರಲ್ಲಿ ಕೆಲವರು ಮಾತ್ರ ಬಂದರಂತೆ. ಉಳಿದವರು ಚರ್ಚಿನಲ್ಲಿ ಪ್ರಾರ್ಥಿಸುತ್ತೇವೆ ಎಂದರಂತೆ. ಇದನ್ನು ಫೋನಿನಲ್ಲಿ ಹೇಳುವಾಗ ಆಕೆಯ ದನಿ ದಣಿದಿತ್ತು. ಮನೆ ಸಿಗಲಿಲ್ಲ. ಆಕೆಗೆ ರಕ್ತದೊತ್ತಡವಿತ್ತು. ಗುಳಿಗೆ ತಪ್ಪಿಸಬೇಡವೆಂದು ಪ್ರತಿ ಸಲವೂ ಗದರುತ್ತಿದ್ದೆ. ಹೋದ ಮಳೆಗಾಲದಲ್ಲಿ ಆಕೆಯ ಮಗಳ ಫೋನು ಬಂತು. ಕಾಲೇಜಿನ ಕೋಣೆಯಲ್ಲಿ ಪಾಠ ಹೇಳುತ್ತಿರುವಾಗಲೇ ಬಿದ್ದಳಂತೆ, ಉಳಿಯಲಿಲ್ಲವಂತೆ.

ಅವರಲ್ಲಿ ಹೆಂಗಸನ್ನು ಗಂಡನ ಮನೆಯಂಗಳದಲ್ಲಿ ಮಣ್ಣು ಮಾಡುತ್ತಾರೆ. ಮೈದುನರು ಗೇಟು ಹಾಕಿದರು. ಬದುಕಿದ್ದಾಗ ಪದ್ಧತಿ ಹೇಳಿ ಹೊರಹಾಕಿದವರಿಗೆ ಸತ್ತಾಗ ಅದೇ ಪದ್ಧತಿ ಬೇಡವಾಯಿತು! ಆಗ ಊರಿನ ಸೊಸೆಯಂದಿರೆಲ್ಲ ಬಂದರು. ಚರ್ಚಿನವರೂ ಬಂದರು. ಒನಕೆ ತಂದರು. ಗೇಟು ತೆರೆಯುವವರೆಗೆ ಏಳಲಿಲ್ಲ. ಬದುಕಿದ್ದಾಗ ಯಾಕೆ ಬರಲಿಲ್ಲ ಎಂದು ಆ ಹೆಂಗಸರನ್ನು ಕೇಳಬೇಕೆನಿಸುತ್ತದೆ. ಮಗಳನ್ನು ಕೇಳಿ ಏನು ಪ್ರಯೋಜನ?

ಎದುರುಮನೆಯಾಕೆ ಸುದ್ದಿ ಕೇಳಿ ಬಂದಳು. "ಪಾಪ, ಹೋದಳಂತಲ್ರೀ ಬಾಯಾರ" ಎಂದಳು.

"ಹೆಂಗ ಹೋಗ್ತಾಳ?" ಎಂದೆ. "ಆಕಿಗೆ ನಾ ಇನ್ನಾ ಉಡಿ ತುಂಬಿಲ್ಲ."