ಹತ್ತನೇ ಪ್ರಶ್ನೆ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಹಿರೇಕೆರೂರಿನ ನೃತ್ಯಶಾಲೆಯಲ್ಲಿ ನಾನು ಮತ್ತು ಅಲ್ಲಿನ ಟೀಚರ್, ಇಬ್ಬರೇ. ನರ್ತಕಿಯರಿಗೆ ಆಹಾರದ ತಿಳಿವಳಿಕೆ ಕೊಡುವ ಕುರಿತ ಸಂಶೋಧನೆಗೆ ನಾನು ಬರೆದ ಸಂದರ್ಶನದ ಪ್ರಶ್ನೆಗಳನ್ನು ಮೊದಲು ಅವರಲ್ಲಿ ಕೇಳಿ ನೋಡುವುದಿತ್ತು.

ಟೀಚರ್ ಗೋಡೆಗೆ ಒರಗದೆ ಕುಳಿತು, ಉತ್ತರಕ್ಕೊಮ್ಮೆ ತೊಡೆಯ ಮೇಲೆ ತಾಳ ಹಾಕಿ, "ಬರ್ಕೊಳ್ರಿ ಅಕ್ಕಾರ" ಎನ್ನುತ್ತಿದ್ದರು.

"ಮುಂಜಾನೆ ಏನ್ ತಿಂತೀರಿ?" ಎಂಬುದು ಎರಡನೆಯದು.

"ರೊಟ್ಟಿರಿ. ಕಾರ್ಯಕ್ರಮ ಇದ್ರ ಎರಡು ದಿನ ಬರೇ ಚಾ. ಹೊಟ್ಟಿ ಕಾಣಬಾರ್ದಲ್ರಿ! ಹುಡುಗ್ಯಾರಿಗೂ ನಾನ ಹಂಗ ಹೇಳೀನಿ. ಒಬ್ಬಾಕಿ ಸ್ಟೇಜ್ ಮ್ಯಾಲ ಬಿದ್ಲುರಿ, ಆಮ್ಯಾಲ ಆಕಿ…"

"ತಡೀರಿ, ಅದು ಹತ್ತನೇ ಪ್ರಶ್ನೆಗೆ ಬರತೈತಿ."

"ಸಾಲ್ಯಾಗೂ ಹಿಂಗ ಬಾಯಿ ಮುಚ್ಚಸ್ತಿದ್ರೇನ್ರಿ?" ಎಂದು ನಕ್ಕರು; ನಾನು ಮೊದಲು ಶಾಲಾ ಶಿಕ್ಷಕಿಯಾಗಿದ್ದೆನೆಂದು ಅವರಿಗೆ ಹೇಳಿದ್ದೆ.

ಹತ್ತನೆಯದಕ್ಕೆ, ಊಟ ಬಿಟ್ಟು ಯಾರಿಗಾದರೂ ತೊಂದರೆಯಾಗಿದೆಯೇ ಎಂಬುದಕ್ಕೆ, ಬಂದಾಗ ಅವರು ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು.

"ಬಿದ್ದಾಕಿ ವಿಷಯ ಹೇಳ್ತಿದ್ರಿ," ಎಂದೆ.

"ಏನಿಲ್ಲ ಬಿಡ್ರಿ."

ಆ ಹುಡುಗಿಗೆ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಂದು ಹತ್ತನೆಯದರ ಮುಂದೆ ಗೆರೆ ಎಳೆದು, ಅವರ ಸಹಿ ಪಡೆದು, ಹನ್ನೊಂದಕ್ಕೆ ಸರಿಯಾಗಿ ಫೈಲು ಕಟ್ಟಿದೆ.